ಪಟ್ಟಿ, ಟೈಮರ್, ಖಾನೆ: ಆರೂವರೆಯ ಚಿಗರಿ ಹಿಡಿಸಿದ್ದು ಯಾವುದು?

ನಾನು ದಿನಾ ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಓಡಾಡುತ್ತೇನೆ. ಗೋಕುಲ ರಸ್ತೆ ಹತ್ತಿರ ಪಂಪ್‌ಸೆಟ್ ಮಾರುವ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಆರಕ್ಕೆ ಬಿಡಬೇಕು, ಬಿಟ್ಟರೆ ಆರೂವರೆಯ ಬಸ್ಸು. ಆದರೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1 ಅಂದರೆ ಮಾರಾಟದ ಲೆಕ್ಕ, 20ಕ್ಕೆ 3ಬಿ ಅಂದರೆ ತೆರಿಗೆಯ ಲೆಕ್ಕ ಸರ್ಕಾರಕ್ಕೆ ಕೊಡಬೇಕು. ಆ ತಾರೀಕುಗಳು ಹತ್ತಿರ ಬಂದರೆ ಸಾಕು, ರಾತ್ರಿ ಎಂಟೂವರೆ, ಒಂಬತ್ತು. ಓಟಿ ದುಡ್ಡು ಇಲ್ಲ. ಚಹಾ, ಗಿರ್ಮಿಟ್ ತರಿಸುತ್ತಾರೆ, ಅಷ್ಟೇ. ಕರ್ನಾಟಕದ 1961ರ ಅಂಗಡಿ ಕಾಯ್ದೆಯಲ್ಲಿ ಹೆಚ್ಚಿನ ಹೊತ್ತಿನ ಕೆಲಸಕ್ಕೆ ದುಪ್ಪಟ್ಟು ಕೂಲಿ ಅಂತ ಬರೆದಿದೆ. ಅದನ್ನು ಸಾವ್ಕಾರರ ಮುಂದೆ ಹೇಳುವ ಧೈರ್ಯ ನನಗಿದ್ದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ!

ಹಾಗಾಗಿ ಆರಕ್ಕೆ ಹೊರಬೀಳಲು ಮೂರು ತಿಂಗಳು ಮೂರು ದಾರಿ ನೋಡಿದೆ.

ಮೊದಲು ಪಟ್ಟಿ. ಬೆಳಿಗ್ಗೆ ಬಸ್ಸಿನಲ್ಲೇ ಅವತ್ತಿನ ಕೆಲಸ ಬರೆದುಕೊಳ್ಳುವುದು, ಮುಗಿದದ್ದಕ್ಕೆ ಗೀಟು ಹೊಡೆಯುವುದು. ಖರ್ಚಿಲ್ಲ, ಯಾರನ್ನೂ ಕೇಳಬೇಕಿಲ್ಲ. ಆದರೆ ಗೀಟು ಹೊಡೆಯುವ ಖುಷಿಗೆ ನಾನು ಸಣ್ಣ ಸಣ್ಣ ಕೆಲಸವನ್ನೇ ಮೊದಲು ಹಿಡಿಯುತ್ತಿದ್ದೆ. ಬ್ಯಾಂಕ್ ಚಲನ್, ಕೊರಿಯರ್, ಅದೂ ಇದೂ. ದೊಡ್ಡದು ಸಂಜೆ ಐದಕ್ಕೆ ಹಾಗೇ ಕೂತಿರುತ್ತಿತ್ತು. ಆ ತಿಂಗಳು ಏಳು ದಿನ ತಡ.

ಎರಡನೇ ತಿಂಗಳು ಟೈಮರ್. 25 ನಿಮಿಷ ಕೆಲಸ, 5 ನಿಮಿಷ ಬಿಡುವು. 1980ರ ದಶಕದ ಕೊನೆಗೆ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ಪೊಮೊಡೊರೊ ಅಂದರೆ ಅವರ ಭಾಷೆಯಲ್ಲಿ ಟೊಮೆಟೊನೇ. ಮೊಬೈಲ್ ಕೈಗೆ ತಗೊಂಡರೆ ವಾಟ್ಸಾಪ್‌ಗೆ ಹೋಗುತ್ತೇನೆ ಅಂತ ಗೊತ್ತಿತ್ತು. ದುರ್ಗದಬೈಲಿನಲ್ಲಿ ಟಿಕ್ ಟಿಕ್ ಅನ್ನುವ ಒಂದು ಟೈಮರನ್ನೇ ತಂದೆ. ಗೋದಾಮಿನ ಹುಡುಗ ಒಳಗೆ ಬಂದವನೇ, "ಅಕ್ಕಾರ, ಕುಕ್ಕರ್ ಇಟ್ಟೀರೇನ್ರಿ?" ಅಂದ.

ಒಂದು ಕೆಲಸಕ್ಕೆ ಮಾತ್ರ ಇದನ್ನು ಮೀರಿಸಿದ್ದು ಇಲ್ಲ. 14ನೇ ತಾರೀಕು ಜಿಎಸ್‌ಟಿಆರ್-2ಬಿ ಬರುತ್ತದೆ. ಮಾಲು ಕೊಟ್ಟವರು ಯಾವ ಯಾವ ಬಿಲ್ ತೋರಿಸಿದ್ದಾರೆ ಅಂತ ಅದರಲ್ಲಿರುತ್ತದೆ. ಅದನ್ನು ನಮ್ಮ ಖರೀದಿ ಲೆಕ್ಕದ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಅವರು 047 ಅಂತ ಹಾಕಿರುತ್ತಾರೆ, ನಮ್ಮ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಬರೀ 47. ಕಣ್ಣು ಆಚೀಚೆ ಹೋದರೆ ಮತ್ತೆ ಮೊದಲಿಂದ. ಇಂಥದ್ದಕ್ಕೆ 25 ನಿಮಿಷ ಹೇಳಿ ಮಾಡಿಸಿದ ಹಾಗಿದೆ.

ಆದರೆ ನನ್ನ ಟೇಬಲ್ಲಿಗೆ ಜನ ಬರುತ್ತಾರಲ್ಲ? "ಲಾರಿ ಹೊಂಟೈತ್ರಿ ಅಕ್ಕಾರ, ಒಂದ ಬಿಲ್ಲು" ಅಂತ ನಿಂತವನಿಗೆ ಟೊಮೆಟೊ ಕಥೆ ಹೇಳೋಕಾಗುತ್ತಾ? ದಿನಕ್ಕೆ ನಾಲ್ಕು ಸುತ್ತು ಪೂರ್ತಿಯಾದರೆ ಅದೇ ಪುಣ್ಯ. ತಡ ಆದದ್ದು ಐದು ದಿನ.

ಮೂರನೇ ತಿಂಗಳು ವಹಿಯಲ್ಲಿ ಗೆರೆ ಹೊಡೆದು ಹೊತ್ತಿಗೆ ಖಾನೆ ಹಾಕಿದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆ ಖರೀದಿ ಲೆಕ್ಕ ಮಾತ್ರ, ಫೋನ್ ಡ್ರಾಯರ್‌ನಲ್ಲಿ. ಬೇರೆಯವರ ಬಿಲ್ಲು, ಪ್ರಶ್ನೆ ಎಲ್ಲ ಹನ್ನೊಂದೂವರೆಗೆ ಒಮ್ಮೆ, ನಾಲ್ಕಕ್ಕೆ ಒಮ್ಮೆ. ಹೊರಟು ನಿಂತ ಲಾರಿಗಷ್ಟೇ ಮಾಫಿ. ರಟ್ಟಿನ ಮೇಲೆ ಬರೆದು ಟೇಬಲ್ಲಿಗೆ ಅಂಟಿಸಿದೆ. ಮೊದಲ ವಾರ ಗೋದಾಮಿನವರು ಮುಖ ಗಂಟು ಹಾಕಿಕೊಂಡರು. ಒಬ್ಬರಂತೂ ಎರಡು ದಿನ ಮಾತೇ ಬಿಟ್ಟರು.

ಆಗ ಗೊತ್ತಾಯಿತು ನೋಡಿ. ಟ್ರಾನ್ಸ್‌ಪೋರ್ಟಿನ ಬಿಲ್ಲುಗಳು ಮಧ್ಯಾಹ್ನವೇ ಬಂದು ಹುಡುಗನ ಜೇಬಿನಲ್ಲಿರುತ್ತಿದ್ದವು. ಮನೆಗೆ ಹೋಗುವಾಗ, ಐದೂವರೆಗೆ, ಎಲ್ಲ ಒಂದೇ ಕಟ್ಟು ತಂದು ನನ್ನ ಟೇಬಲ್ಲಿಗೆ ಹಾಕುತ್ತಿದ್ದ. ನಾನು ಕೆಲಸದಲ್ಲಿ ನಿಧಾನ ಅಂತ ಇಷ್ಟು ವರ್ಷ ನನ್ನನ್ನೇ ಬೈದುಕೊಂಡಿದ್ದೆ! ಕಟ್ಟು ನಾಲ್ಕಕ್ಕೆ ಬರಲು ಶುರುವಾದ ಮೇಲೆ ಖರೀದಿ ಲೆಕ್ಕ ಅವತ್ತಿಂದವತ್ತೇ ಟ್ಯಾಲಿಗೆ ಏರಿತು. 14ಕ್ಕೆ 2ಬಿ ಬಂದಾಗ ತಾಳೆ ನೋಡುವುದಷ್ಟೇ ಉಳಿದಿತ್ತು. ತಡ ಎರಡೇ ದಿನ. ಒಂದು ದಿನ ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟಿತ್ತು. ಇನ್ನೊಂದು ನನ್ನದೇ ತಪ್ಪು.

ಯಾರೂ ಕರೆಯದ ಮೂಲೆಯಲ್ಲಿ ಕೂತು ಕೆಲಸ ಮಾಡುವವರಿಗೆ ಟೈಮರೇ ಸಾಕು. ಖಾನೆ ಹಾಕಿ ಜಗಳ ಕಟ್ಟಿಕೊಳ್ಳಬೇಡಿ. ನನ್ನ ಹಾಗೆ ನಾಲ್ಕು ಜನರ ಕೈಯಿಂದ ಕಾಗದ ಬರುವ ಜಾಗವಾದರೆ ಖಾನೆನೇ. ಬೆಳಗಿನ ಖಾನೆಯೊಳಗೆ ಟೈಮರ್ ಈಗಲೂ ಟಿಕ್ ಟಿಕ್ ಅನ್ನುತ್ತಿರುತ್ತದೆ. ಪಟ್ಟಿಯನ್ನು ಮಾತ್ರ ಸಂತೆಗೆ ಬಿಟ್ಟಿದ್ದೇನೆ.

ಮೊನ್ನೆ ಆರಕ್ಕೆ ಚೀಲ ಹೆಗಲಿಗೆ ಹಾಕಿಕೊಂಡೆ. ಸಾವ್ಕಾರರು ತಲೆ ಎತ್ತಿ ನೋಡಿದರು. "ಈಗ ಲಗೂನ ಮುಗೀತೈತಲ್ಲ ನಿಮ್ದು. ನಮ್ಮ ತಮ್ಮನ ಅಂಗಡಿ ಲೆಕ್ಕಾನೂ ಒಂಚೂರು ನೋಡ್ರಿ" ಅಂದರು. ನೋಡೋಣ್ರಿ ಅಂತ ಹೇಳಿ ಬಂದಿದ್ದೇನೆ. ವಹಿಯಲ್ಲಿ ಅದಕ್ಕಿನ್ನೂ ಖಾನೆ ಹಾಕಿಲ್ಲ.