ಸೈಲೆನ್ಸರ್ ಹೋದ ಮೇಲೆ: ರಾತ್ರಿ ಮಲಗುವ ವ್ಯಾನ್‌ಗೆ ಯಾವ ಬೀಗ?

ನಮ್ಮ ಬಿಳಿ ವ್ಯಾನ್ ಹಗಲು ಗಾಡಿ, ರಾತ್ರಿ ಮನೆ. ಹಿಂದಿನ ಸೀಟು ತೆಗೆದು, ಪ್ಲೈವುಡ್ ಹಲಗೆ ಜೋಡಿಸಿ, ಮೇಲೆ ಗಾದಿ ಹಾಸಿದರೆ ಮೂರು ಜನ ಮಲಗಬಹುದು. ಸೋಮವಾರ ಮತ್ತೆ ಎಲ್ಲ ಬಿಚ್ಚಿಡುತ್ತೇವೆ. ಗಾಡಿಯ ರೂಪ ಕಾಯಂ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, ಆ ಓಡಾಟ ನನಗೆ ಬೇಡ. ಶನಿವಾರ ಮಧ್ಯಾಹ್ನ ಹುಬ್ಬಳ್ಳಿ ಬಿಟ್ಟರೆ ಲಕ್ಕುಂಡಿ, ಮಾಗಡಿ ಕೆರೆ, ಗಳಗನಾಥ, ಹೀಗೆ ಎಲ್ಲೋ ಒಂದು ರಾತ್ರಿ.

ಕಳ್ಳತನ ಆಗಿದ್ದು ಮಾತ್ರ ನಮ್ಮ ಮನೆ ಮುಂದೆಯೇ. ಬುತ್ತಿ ಕಟ್ಟಿಕೊಂಡು ಹೊರಡಲು ಚಾವಿ ತಿರುಗಿಸಿದೆ. ಗಾಡಿ ಹಳೇ ಟ್ರ್ಯಾಕ್ಟರ್ ಹಾಗೆ ಗುಡುಗಿತು. ಎದುರು ಮನೆ ನಾಯಿ ಗೇಟಿನ ಕೆಳಗೆ ನುಸುಳಿ ಓಡಿತು. ಮಿಸ್ತ್ರಿ ಬಂದು ಬಗ್ಗಿ ನೋಡಿದ. "ಸರ, ಸೈಲೆನ್ಸರ್‍ನ ಇಲ್ಲಲ್ರೀ!" ನಾಲ್ಕು ಬೋಲ್ಟು ನೀಟಾಗಿ ಬಿಚ್ಚಿ, ಅಲ್ಲೇ ನೆಲದ ಮೇಲೆ ಇಟ್ಟು ಹೋಗಿದ್ದರು. ಅದೇನು ಶಿಸ್ತೋ! ಅವರಿಗೆ ಬೇಕಾಗಿದ್ದು ಅದರಲ್ಲಿದ್ದ ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯ ವಿಷ ಕಡಿಮೆ ಮಾಡುವ ಆ ಡಬ್ಬಿಯೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಅನ್ನುವ ದುಬಾರಿ ಲೋಹಗಳ ಲೇಪ ಇರುತ್ತದೆ. ವ್ಯಾನ್ ನೆಲದಿಂದ ಎತ್ತರ ಇರುವುದರಿಂದ ಜಾಕ್ ಕೂಡ ಬೇಕಿಲ್ಲ, ಸುಮ್ನೆ ಕೆಳಗೆ ನುಸುಳಿದರೆ ಆಯ್ತು.

ಇವತ್ತು ಸೈಲೆನ್ಸರ್, ನಾಳೆ ಗಾಡಿ ಅಂತ ಭಯ ಹತ್ತಿತು. ಅಲ್ಲಿಂದ ಒಂದೂವರೆ ವರ್ಷ ಒಂದೊಂದೇ ಉಪಾಯ ಹಾಕಿ ನೋಡಿದ್ದೇನೆ.

ಮೊದಲು ತಂದದ್ದು ಸ್ಟೇರಿಂಗ್‌ಗೆ ಅಡ್ಡ ಹಾಕುವ ಹಳದಿ ರಾಡ್. 800 ರೂಪಾಯಿ. ಹೊರಗಿನಿಂದಲೇ ಕಾಣುತ್ತದೆ, ಅದೇ ಅದರ ಬಲ. ಆದರೆ ಕಳ್ಳ ರಾಡ್ ಕೊಯ್ಯಬೇಕಾಗಿಲ್ಲ. ಸ್ಟೇರಿಂಗ್ ಚಕ್ರವನ್ನೇ ಗರಗಸದಿಂದ ಕೊಯ್ದರೆ ರಾಡ್ ತಾನಾಗಿ ಹೊರಗೆ ಬರುತ್ತದೆ. ನನಗೆ ಅದು ಬೇಡವಾದದ್ದು ಬೇರೆ ಕಾರಣಕ್ಕೆ. ಗಳಗನಾಥದಲ್ಲಿ ಹೊಳೆ ದಂಡೆ ಹತ್ತಿರ ಮಲಗಿದ್ದೆವು. ರಾತ್ರಿ 2 ಗಂಟೆಗೆ ಗಾಡಿ ಅಲ್ಲಾಡಿತು. ಹೊರಟುಬಿಡೋಣ ಅಂತ ಎದ್ದರೆ ರಾಡಿನ ಚಾವಿ ಕೈಯಿಂದ ಜಾರಿ ಸೀಟಿನ ಕೆಳಗೆ ಬಿತ್ತು. ಮೊಬೈಲ್ ಬೆಳಕಲ್ಲಿ ಹುಡುಕಿದೆ, ಸಿಗಲಿಲ್ಲ, ಬೆವರಿದೆ. ಕೊನೆಗೆ ನೋಡಿದರೆ ಒಂದು ಎಮ್ಮೆ ಬಾಗಿಲಿಗೆ ಮೈ ತಿಕ್ಕುತ್ತಾ ನಿಂತಿತ್ತು. ಎಮ್ಮೆ ಆಗಿದ್ದಕ್ಕೆ ಸರಿ. ಗಾಡಿಯಲ್ಲೇ ಮಲಗುವವರು ಕಳ್ಳನನ್ನು ತಡೆದರೆ ಸಾಲದು, ತಾವೂ ತಕ್ಷಣ ಹೊರಡುವ ಹಾಗಿರಬೇಕು. ಅಂಗಡಿಯಲ್ಲಿ ಬೀಗ ಕೊಳ್ಳುವಾಗ ಇದು ತಲೆಗೆ ಬರುವುದಿಲ್ಲ.

ಗೇರ್ ಲಾಕ್ ಅದಕ್ಕಿಂತ ವಾಸಿ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುತ್ತಾರೆ, ಗೇರನ್ನು ರಿವರ್ಸ್‌ಗೆ ತಳ್ಳಿ ಬೀಗ ಒತ್ತಿದರೆ ಮುಗಿಯಿತು. ಅದರ ಜಾಗ ಗೊತ್ತಾದ ಮೇಲೆ ಕತ್ತಲಲ್ಲೂ ಕೈ ತಪ್ಪುವುದಿಲ್ಲ. ಫಿಟಿಂಗ್ ಸೇರಿ 1,600 ಆಯಿತು. ಕೆಟ್ಟ ರಸ್ತೆಯಲ್ಲಿ ಕಟಕಟ ಅನ್ನುತ್ತದೆ, ನಾನು ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ. ಕ್ರೇನ್ ತಂದು ಎತ್ತಿಕೊಂಡು ಹೋದರೆ ಇದು ಏನೂ ಮಾಡಲ್ಲ, ಅದು ಬೇರೆ ಮಾತು.

ಜಿಪಿಎಸ್‌ಗೆ ಬರೋಣ. ಎಲ್ಲರೂ ಮೊದಲು ಹೇಳುವುದು ಇದನ್ನೇ, ನಾನು ಜಾಸ್ತಿ ದುಡ್ಡು ಸುರಿದದ್ದೂ ಇದಕ್ಕೇ. ಒಂದು ವರ್ಷದ ಸಿಮ್ ಸೇರಿ 3,200. ಡಬ್ಬಿ ತಾನೆಲ್ಲಿದೆ ಅಂತ ಉಪಗ್ರಹದಿಂದ ಲೆಕ್ಕ ಹಾಕುತ್ತದೆ, ಆದರೆ ಅದನ್ನು ನಮಗೆ ತಿಳಿಸಲು ಮೊಬೈಲ್ ನೆಟ್‌ವರ್ಕ್ ಬೇಕು. ಕಪ್ಪತಗುಡ್ಡದ ತಪ್ಪಲಲ್ಲಿ ನಮ್ಮ ವ್ಯಾನ್ ಮ್ಯಾಪಿನಲ್ಲಿ ಮೂರು ಗಂಟೆ ಡಂಬಳದಲ್ಲೇ ನಿಂತಿತ್ತು. ನಾವು ಡಂಬಳ ಬಿಟ್ಟು ಎಷ್ಟೋ ಹೊತ್ತಾಗಿತ್ತು. ಅಲುಗಾಡಿದರೆ ಎಚ್ಚರಿಸುವ ಅಲಾರಾಂ ಇನ್ನೊಂದು ಕಥೆ. ಹಾವೇರಿ ಹತ್ತಿರ ಹೆದ್ದಾರಿ ಢಾಬಾದಲ್ಲಿ ಮಲಗಿದ ರಾತ್ರಿ ಲಾರಿ ಹಾಯ್ದಾಗೆಲ್ಲ ಫೋನ್ ಕಿರುಚಿತು. ನಾಲ್ಕನೇ ಸಲ ಹೆಂಡತಿ, "ಕಳ್ಳ ಬಂದ್ರೂ ಇಷ್ಟು ತ್ರಾಸ ಕೊಡಂಗಿಲ್ಲ, ಬಂದ್ ಮಾಡ್ರಿ ಅದನ್ನ" ಅಂದಳು. ಮಾಡಿದೆ. ಮುಂದಿನ ವರ್ಷ ಸಿಮ್ ರೀಚಾರ್ಜ್ ಮರೆತು ಒಂದು ತಿಂಗಳು ಸತ್ತ ಡಬ್ಬಿ ಹೊತ್ತು ತಿರುಗಿದ್ದೂ ಆಯಿತು. ಮಿಸ್ತ್ರಿ ಇದನ್ನೆಲ್ಲ ಕೇಳಿ, "ಜಿಪಿಎಸ್ ತಡಿಯಾಂಗಿಲ್ರೀ ಸರ, ಹೋದ ಮ್ಯಾಲ ಯಾಕಡೆ ಹೋತು ಅಂತ ಹೇಳ್ತೈತಿ ಅಷ್ಟ" ಅಂದ. ಸೈಲೆನ್ಸರ್ ವಿಷಯದಲ್ಲಿ ಅದನ್ನೂ ಹೇಳುವುದಿಲ್ಲ, ಗಾಡಿ ಇದ್ದಲ್ಲೇ ಇರುತ್ತದಲ್ವಾ? ಆದರೂ ತೆಗೆದು ಹಾಕಿಲ್ಲ. ಗಾಡಿ ಹೋದರೆ 112ಕ್ಕೆ ಫೋನ್ ಮಾಡಿದಾಗ ಹೇಳಲು ಏನಾದರೂ ಬೇಕಲ್ಲ.

ಬ್ಲೂಟೂತ್ ಟ್ಯಾಗ್ ಕೂಡ ಒಂದು ಗಾದಿಯೊಳಗೆ ಹೊಲಿದಿಟ್ಟಿದ್ದೆ. ಸುತ್ತ ಹಾದು ಹೋಗುವವರ ಫೋನ್‌ಗಳ ಮೂಲಕವೇ ಅದು ತಾನೆಲ್ಲಿದೆ ಅನ್ನುವ ಸುದ್ದಿ ಕೊಡಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಚೆನ್ನಾಗಿ ಕೊಟ್ಟಿತು. ಡಿಸೆಂಬರಿನಲ್ಲಿ ಮಾಗಡಿ ಕೆರೆ ದಂಡೆಯಲ್ಲಿ ನಮ್ಮ ಸುತ್ತ ಇದ್ದದ್ದು ಪಟ್ಟೆತಲೆ ಹೆಬ್ಬಾತುಗಳು. ಅವುಗಳ ಹತ್ತಿರ ಫೋನ್ ಇರಲಿಲ್ಲ.

ನನಗೆ ಹಿಡಿಸಿದ್ದು ಎಲ್ಲಕ್ಕಿಂತ ಅಗ್ಗದ್ದು: ಗುಪ್ತ ಸ್ವಿಚ್. ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪಿಗೆ ಕರೆಂಟ್ ಬಿಡುವ ರಿಲೇಗೆ ಹೋಗುವ ವೈರ್ ತುಂಡರಿಸಿ ನಡುವೆ ಒಂದು ಸ್ವಿಚ್. ಎಲೆಕ್ಟ್ರಿಷಿಯನ್ ಕೂಲಿ ಸೇರಿ 550. ಸ್ವಿಚ್ ಬಂದ್ ಇದ್ದರೆ ಸೆಲ್ಫ್ ಹೊಡೆಯುತ್ತದೆ, ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಒಂದೆರಡು ಸಲ ಗುರ್ ಅಂದು ಸಾಯುತ್ತದೆ. ನೋಡುವವನಿಗೆ ಗಾಡಿ ಕೆಟ್ಟಿದೆ ಅನಿಸಬೇಕು. ಬ್ಯಾಟರಿಯನ್ನೇ ಕಡಿಯುವ ಸ್ವಿಚ್ ಹಾಕಿಸಬೇಡಿ, ಜಿಪಿಎಸ್ ಕೂಡ ಅದರ ಜೊತೆಗೆ ಹೋಗಬಹುದು. ತೆಳು ವೈರ್ ಬೇಡವೇ ಬೇಡ, ಬಿಸಿಯಾಗಿ ಸುಡಬಹುದು. ರಾತ್ರಿ ಎದ್ದು ಹೊರಡಬೇಕೆಂದರೆ ಬೆರಳಿನ ಒಂದು ಒತ್ತು ಸಾಕು. ಒಂದೇ ಒಂದು ಸಲ ಅದು ನನ್ನನ್ನೇ ಕಳ್ಳನ ಜಾಗದಲ್ಲಿ ಕೂರಿಸಿತು. ಶಿಶುನಾಳದಲ್ಲಿ ಬೆಳಿಗ್ಗೆ ಹದಿನೈದು ನಿಮಿಷ ಸೆಲ್ಫ್ ಹೊಡೆದೆ, ಶಿಗ್ಗಾವಿಯಿಂದ ಮಿಸ್ತ್ರಿಯನ್ನು ಕರೆಸಿದೆ. ಅವನು ಬಂದು ಬಾನೆಟ್ ಎತ್ತಿದ ಮೇಲೆ ಮಗಳು ಮೆಲ್ಲಗೆ, "ಅಪ್ಪಾ, ಸ್ವಿಚ್ಚು?" ಅಂದಳು. 400 ರೂಪಾಯಿ ಕೊಟ್ಟೆ, ಚಹಾನೂ ಕುಡಿಸಿದೆ.

ಸೈಲೆನ್ಸರ್‌ಗೆ ಇದ್ಯಾವುದೂ ಅಡ್ಡ ಬರುವುದಿಲ್ಲ ಅಂತ ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಂಜರ ಮಾಡಿಸಿದೆ. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿ ತಂತಿ ಬಿಚ್ಚಿಸಿ, ಇಲ್ಲದಿದ್ದರೆ ಗಾಡಿಯ ಕಂಪ್ಯೂಟರ್ ಸುಡಬಹುದು. ಸರ್ವಿಸ್‌ಗೆ ಹೋದಾಗ ಅಲ್ಲಿಯ ಹುಡುಗರು ಆ ಪಂಜರ ನೋಡಿ ಗೊಣಗುತ್ತಾರೆ. ಗೊಣಗಲಿ.

ಒಂದೇ ಕೊಳ್ಳುತ್ತೇನೆ ಅನ್ನುವವರಿಗೆ ಸ್ವಿಚ್, ಎರಡಾದರೆ ಜೊತೆಗೆ ಗೇರ್ ಲಾಕ್. ಹಳದಿ ರಾಡ್ ಈಗ ದುರ್ಗದಬೈಲಿನ ಪೇಟೆಗೆ ಹೋದಾಗ ಮಾತ್ರ ಹಾಕುತ್ತೇನೆ. ಫಾಸ್ಟ್ಯಾಗ್ ಬಗ್ಗೆ ಒಂದು ಮಾತು: ಗಾಡಿ ಹೋದ ತಕ್ಷಣ ಗಾಬರಿಯಲ್ಲಿ ಅದನ್ನು ಬಂದ್ ಮಾಡಿಸಬೇಡಿ. ಕಳ್ಳ ಟೋಲ್ ದಾಟಿದರೆ ನಿಮ್ಮ ಫೋನ್‌ಗೇ ಮೆಸೇಜ್ ಬರುತ್ತದೆ.

ಇನ್ನೊಂದು, ಎರಡನೇ ಚಾವಿ. ನಾನು ಅದನ್ನು ಮ್ಯಾಗ್ನೆಟ್ ಡಬ್ಬಿಯಲ್ಲಿ ಹಾಕಿ ಬಂಪರ್ ಒಳಗೆ ಅಂಟಿಸಿಟ್ಟಿದ್ದೆ, ಬುದ್ಧಿವಂತ ಅಂದುಕೊಂಡು. ಗಾಡಿ ಕಳುವಾದರೆ ವಿಮೆಯವರು ಎರಡೂ ಚಾವಿ ಕೇಳುತ್ತಾರೆ ಅಂತ ಗೊತ್ತಾದ ದಿನವೇ ತೆಗೆದೆ. ಈಗ ಅದು ಧಾರವಾಡದಲ್ಲಿ ಅತ್ತೆಯವರ ಟ್ರಂಕಿನಲ್ಲಿದೆ. ಕೇಳಲು ಹೋದರೆ ಊಟ ಮಾಡಿಸದೆ ಕೊಡುವುದಿಲ್ಲ.