ಲ್ಯಾಡರ್, ಸ್ಟ್ರಕ್ಚರ್ಡ್ ಟೆಕ್ಸ್ಟ್, ಎಸ್‌ಎಫ್‌ಸಿ: ಒಂದೇ ಸ್ಟೇಷನ್‌ಗೆ ಮೂರು ಸಲ ಪ್ರೋಗ್ರಾಮ್ ಬರೆದು ನೋಡಿದ್ದು

ಇಂಡಸ್ಟ್ರಿಯಲ್ ಇನ್‌ಫರ್ಮ್ಯಾಟಿಕ್ಸ್ ಮತ್ತೆ ಆಟೊಮೇಷನ್ ಮಾಸ್ಟರ್ಸ್ ಸೇರಿದೋರು ಎರಡು ಗುಂಪು. ಒಂದು ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಕಡೆಯಿಂದ ಬಂದೋರು, ಇನ್ನೊಂದು ನನ್ ಥರ ಕಂಪ್ಯೂಟರ್ ಕಡೆಯಿಂದ ಬಂದು ಪಿಎಲ್‌ಸಿ (ಫ್ಯಾಕ್ಟರಿ ಮಷೀನ್‌ಗಳನ್ನ ನಡೆಸೋ ಕಂಟ್ರೋಲರ್) ಅಂದ್ರೆ ಇನ್ನೊಂದು ಕಂಪ್ಯೂಟರ್ ತಾನೆ ಅಂತ ಅಂದ್ಕೊಂಡಿರೋರು. ಎರಡನೇ ಸೆಮಿಸ್ಟರ್‌ನಲ್ಲಿ ಲ್ಯಾಬಲ್ಲಿ ಒಂದು ಸಾರ್ಟಿಂಗ್ ಸ್ಟೇಷನ್ ಕೊಟ್ರು. ಚಿಕ್ಕ ಕನ್ವೇಯರ್, ಅದ್ರ ಮೇಲೆ ಲೋಹದ ಪೀಸು, ಕೆಂಪು ಪ್ಲಾಸ್ಟಿಕ್ಕು, ಕಪ್ಪು ಪ್ಲಾಸ್ಟಿಕ್ಕು. ಶುರುವಲ್ಲೇ ಇರೋ ಲೈಟ್ ಬ್ಯಾರಿಯರ್ ಪೀಸ್ ಬಂತು ಅಂತ ಹೇಳುತ್ತೆ, ಇಂಡಕ್ಟಿವ್ ಸೆನ್ಸರ್ ಲೋಹ ಹಿಡಿಯುತ್ತೆ, ಆಪ್ಟಿಕಲ್ ಸೆನ್ಸರ್‌ಗೆ ಕೆಂಪು ಕಾಣುತ್ತೆ, ಕಪ್ಪು ಬೆಳಕನ್ನ ನುಂಗ್ಬಿಡೋದ್ರಿಂದ ಕಾಣಲ್ಲ. ಎರಡು ನ್ಯೂಮ್ಯಾಟಿಕ್ ಸಿಲಿಂಡರ್ ಪೀಸ್‌ಗಳನ್ನ ಆಯಾ ಟ್ರೇಗೆ ತಳ್ಬೇಕು, ಅಷ್ಟೇ. ಪಿಎಲ್‌ಸಿಗೆ ಪ್ರೋಗ್ರಾಮ್ ಬರೆಯೋಕೆ ಹಲವು ಭಾಷೆ ಇವೆ, ಯಾವ್ದು ಅನ್ನೋದು ನಿಮ್ಮಿಷ್ಟ ಅಂದ್ರು. ಈ 'ನಿಮ್ಮಿಷ್ಟ' ಅನ್ನೋದೇ ಒಂದು ಬಲೆ, ಅದ್ರಲ್ಲಿ ಬಿದ್ದು ಒಂದೇ ಸ್ಟೇಷನ್‌ಗೆ ಮೂರು ಸಲ ಬರೆದೆ.

ಮೊದ್ಲು ಸ್ಟ್ರಕ್ಚರ್ಡ್ ಟೆಕ್ಸ್ಟ್, ಎಸ್‌ಟಿ. ಸೀಮೆನ್ಸ್‌ನ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಟಿಐಎ ಪೋರ್ಟಲ್‌ನಲ್ಲಿ ಇದಕ್ಕೆ ಎಸ್‌ಸಿಎಲ್ ಅಂತಾರೆ. ಪ್ಯಾಸ್ಕಲ್ ನೋಡಿದೋರಿಗೆ ಮನೆಗೆ ಬಂದಂಗೆ ಇರುತ್ತೆ, ಇಫ್ ಇದೆ, ಕೇಸ್ ಇದೆ, ಲೂಪ್ ಇದೆ, ಅರ್ಧ ದಿನದಲ್ಲಿ ಬರೆದು ಮುಗಿಸ್ದೆ. ರನ್ ಮಾಡಿದ ಕೂಡ್ಲೇ ಕಂಟ್ರೋಲರ್ ಸ್ಟಾಪ್‌ಗೆ ಹೋಯ್ತು, ಕೆಂಪು ಲೈಟು. ಮತ್ತೆ ರನ್, ಮತ್ತೆ ಸ್ಟಾಪ್. ನಾನ್ ಮಾಡಿದ್ದೇನಂದ್ರೆ ಸಿಲಿಂಡರ್ ಪೂರ್ತಿ ಮುಂದೆ ಹೋಗೋವರೆಗೂ ಕಾಯೋಣ ಅಂತ ಒಂದು ವೈಲ್ ಲೂಪ್ ಹಾಕಿದ್ದೆ, ಪಿಸಿಯಲ್ಲಿ ಹಂಗೇ ತಾನೆ ಕಾಯೋದು. ಆದ್ರೆ ಪಿಎಲ್‌ಸಿ ಸ್ಕ್ಯಾನ್ ಸೈಕಲ್‌ನಲ್ಲಿ ಓಡುತ್ತೆ: ಇನ್‌ಪುಟ್‌ಗಳನ್ನೆಲ್ಲ ಒಂದ್ಸಲ ಓದಿ ಮೆಮೊರಿಗೆ ಹಾಕ್ಕೊಳ್ಳುತ್ತೆ, ಪ್ರೋಗ್ರಾಮ್ ಮೇಲಿಂದ ಕೆಳಗೆ ಓಡಿಸುತ್ತೆ, ಔಟ್‌ಪುಟ್ ಬರೆಯುತ್ತೆ, ಮತ್ತೆ ಶುರು. ನನ್ ಲೂಪ್ ಒಳಗೇ ಸಿಕ್ಕಾಕೊಂಡ್ರೆ ಇನ್‌ಪುಟ್ ಹೊಸದಾಗಿ ಓದೋದೇ ಇಲ್ಲ, ಸಿಲಿಂಡರ್‌ಗೆ ಹೋಗು ಅಂತ ಹೇಳೋ ಔಟ್‌ಪುಟ್ಟೂ ಹೊರಗೆ ಹೋಗಿಲ್ಲ, ಅಂದ್ರೆ ನಾನೇ ಕಳಿಸದೇ ಇರೋ ಪತ್ರಕ್ಕೆ ಉತ್ತರ ಕಾಯ್ತಾ ಕೂತಿದ್ದೆ. ಸೀಮೆನ್ಸ್‌ನ ಎಸ್7-1500 ಪಿಎಲ್‌ಸಿಯಲ್ಲಿ ಸೈಕಲ್ ಟೈಮಿನ ಡೀಫಾಲ್ಟ್ ಮಿತಿ 150 ಮಿಲಿಸೆಕೆಂಡ್, ಅದರ ಎರಡರಷ್ಟು ದಾಟಿದ್ರೆ ಸಿಪಿಯು ನಿಂತೇಬಿಡುತ್ತೆ. ನಿಲ್ಲಬೇಕಾದ್ದೇ ಬಿಡಿ.

ಲೂಪ್ ಕಿತ್ತಾಕಿ ಕೇಸ್ ಇಟ್ಟು ಸ್ಟೇಟ್ ಮಷೀನ್ ಮಾಡಿದೆ, ಕೆಲಸದ ಪ್ರತಿ ಹಂತಕ್ಕೂ (ಸ್ಟೇಟ್) 10, 20, 30 ಅಂತ ನಂಬರ್ ಕೊಟ್ಟು. ಆಗ ಎರಡನೇ ತಪ್ಪು, ಇದು ಮೊದಲನೇದಕ್ಕಿಂತ ಕಂತ್ರಿ. ಇನ್‌ಪುಟ್ ಬಂದು ಇಂತಿಷ್ಟು ಹೊತ್ತು ಆದ್ಮೇಲೆ ಔಟ್‌ಪುಟ್ ಕೊಡೋ ಆನ್-ಡಿಲೇ ಟೈಮರ್‌ನ ಕೇಸ್ ಒಳಗೇ ಕರೆದಿದ್ದೆ. ಮೊದಲ ಪೀಸ್‌ಗೆ ಸರಿಯಾಗಿ ಕಾಯ್ತು, ಎರಡನೇ ಪೀಸ್‌ಗೆ ಕಾಯದೇ ತಳ್ಬಿಡ್ತು. ಯಾಕಂದ್ರೆ ಆ ಸ್ಟೇಟ್ ಬಿಟ್ಟು ಹೋದ್ಮೇಲೆ ಟೈಮರ್‌ನ ಯಾರೂ ಕರೀತಾ ಇಲ್ಲ, ಅದರ ಇನ್‌ಪುಟ್ ಫಾಲ್ಸ್ ಆಯ್ತು ಅಂತ ಅದಕ್ಕೆ ಗೊತ್ತೇ ಆಗಿಲ್ಲ, ಹಳೇ ಔಟ್‌ಪುಟ್ ಟ್ರೂ ಆಗೇ ಕೂತಿದೆ. ಟೈಮರ್‌ಗಳನ್ನ ಕೇಸ್ ಹೊರಗೆ ಇಟ್ಟು ಪ್ರತಿ ಸೈಕಲ್‌ಗೂ ಕರೀಬೇಕು, ಒಳಗೆ ಬರೀ ಫ್ಲಾಗ್ ಆನ್-ಆಫ್ ಮಾಡ್ಬೇಕು. ಇದನ್ನ ಕಂಡುಹಿಡಿಯೋಕೆ ನಂಗೆ ಒಂದು ಪೂರ್ತಿ ಲ್ಯಾಬ್ ಸೆಷನ್ ಹೋಯ್ತು.

ಇಷ್ಟೆಲ್ಲ ಆದ್ಮೇಲೂ ಎಸ್‌ಟಿ ನನ್ ಫೇವರಿಟ್ಟೇ ಆಗಿತ್ತು, ಒಂದು ದಿನದವರೆಗೆ. ಅವತ್ತು ಸ್ಟೇಷನ್ ಮಧ್ಯದಲ್ಲೇ ನಿಂತೋಯ್ತು. ಪಕ್ಕದ ಬೆಂಚಿನ ಎಲೆಕ್ಟ್ರಿಕಲ್ ಹುಡುಗ ಬಂದು ಸ್ಕ್ರೀನ್ ನೋಡಿ, "ಏನೋ ಇದು, ಸ್ಟೇಟ್ 40 ಅಂದ್ರೆ ಏನರ್ಥನೋ?" ಅಂದ. ನಂಗೂ ಸ್ಕ್ರೋಲ್ ಮಾಡಿ ನೋಡ್ಬೇಕಾಯ್ತು. ಅವ್ನು ತನ್ನ ಲ್ಯಾಡರ್ (ಏಣಿ ಥರ ಚಿತ್ರ ಬಿಡಿಸಿ ಬರೆಯೋ ಭಾಷೆ) ಪ್ರೋಗ್ರಾಮ್‌ನ ಅದೇ ಸ್ಟೇಷನ್‌ಗೆ ಡೌನ್‌ಲೋಡ್ ಮಾಡಿ ಆನ್‌ಲೈನ್ ಹೋದ, ಹಸಿರು ಗೆರೆ ಎಡದಿಂದ ಬರ್ತಾ ಬರ್ತಾ ಒಂದು ಕಾಂಟ್ಯಾಕ್ಟ್ ಹತ್ರ ನಿಂತಿತ್ತು, ಹೆಸರು 'ಸಿಲಿಂಡರ್ 2 ಮುಂದೆ'. ಎದ್ದು ಹೋಗಿ ನೋಡಿದ್ರೆ ಸಿಲಿಂಡರ್ ಮುಂದೆ ಹೋಯ್ತು ಅಂತ ಹೇಳೋ, ಅದ್ರ ಮೇಲಿನ ರೀಡ್ ಸ್ವಿಚ್ಚು ಸ್ಕ್ರೂ ಸಡಿಲ ಆಗಿ ಜರುಗಿತ್ತು. ಒಂದು ನಿಮಿಷದ ಕೆಲಸ. ನಂಗೆ ಹೊಟ್ಟೆ ಉರೀತು, ನಿಜ ಹೇಳ್ತೀನಿ.

ಹಾಗಾಗಿ ಎರಡನೇ ಸಲ ಲ್ಯಾಡರ್. ಇದು ಯಾಕೆ ಹಿಂಗಿದೆ ಅನ್ನೋದಕ್ಕೆ ಒಂದು ಇತಿಹಾಸ ಇದೆ, 1960ರ ದಶಕದ ಕೊನೇಲಿ ಜನರಲ್ ಮೋಟರ್ಸ್‌ನೋರು ರಿಲೇ ಪ್ಯಾನೆಲ್‌ಗಳ ಬದಲಿಗೆ ಏನಾದ್ರೂ ಬೇಕು ಅಂದಾಗ ಇಂಜಿನಿಯರ್ ಡಿಕ್ ಮೋರ್ಲಿ ತಂಡದ ಮೋಡಿಕಾನ್ 084 ಅನ್ನೋ ಪಿಎಲ್‌ಸಿ ಬಂತು, ಆದ್ರೆ ಅದನ್ನ ನೋಡ್ಕೊಳ್ಳೋರು ಎಲೆಕ್ಟ್ರಿಷಿಯನ್‌ಗಳೇ, ಅವರಿಗೆ ಗೊತ್ತಿದ್ದು ರಿಲೇ ಡ್ರಾಯಿಂಗ್. ಆ ಡ್ರಾಯಿಂಗೇ ಭಾಷೆ ಆಯ್ತು. ಅಂದ್ರೆ ಲ್ಯಾಡರ್ ಬರೆಯೋನಿಗಿಂತ ಓದೋನಿಗೋಸ್ಕರ ಹುಟ್ಟಿದ್ದು. ಇಂಟರ್‌ಲಾಕ್‌ಗಳಿಗೆ, 'ಇದು ಇದ್ದು, ಅದು ಇಲ್ದೇ ಇದ್ರೆ ಮಾತ್ರ ಮೋಟರ್ ಓಡ್ಲಿ' ಅನ್ನೋ ಥರದ್ದಕ್ಕೆ ಇದರ ಮುಂದೆ ಯಾವ್ದೂ ಇಲ್ಲ. ಆದ್ರೆ ಅನಲಾಗ್ ಸಿಗ್ನಲ್ ಬಂದ್ರೆ ಮುಗೀತು ಕಥೆ, ಸೆನ್ಸರ್‌ನ 4-20 ಮಿಲಿಆಂಪ್ ಕರೆಂಟು ಪಿಎಲ್‌ಸಿ ಒಳಗೆ 0ಯಿಂದ 27648ರವರೆಗಿನ ನಂಬರ್ ಆಗಿ ಬರುತ್ತೆ, ಅದನ್ನ ಸ್ಕೇಲ್ ಮಾಡಿ, ಹತ್ತು ರೀಡಿಂಗ್ ಸರಾಸರಿ ತೆಗೀಬೇಕು ಅಂದ್ರೆ ಬಾಕ್ಸ್ ಪಕ್ಕ ಬಾಕ್ಸ್ ಜೋಡಿಸ್ತಾ ಸ್ಕ್ರೀನ್ ಸಾಲಲ್ಲ, ಎಸ್‌ಟಿಯಲ್ಲಿ ಅದು ಐದಾರು ಲೈನು. ಇನ್ನೊಂದು, ಒಂದೇ ಔಟ್‌ಪುಟ್ ಕಾಯಿಲ್‌ನ ಎರಡು ಕಡೆ ಬರೆದ್ರೆ ಕೆಳಗಡೆ ಇರೋದೇ ಗೆಲ್ಲುತ್ತೆ. ಮೇಲಿನ ರಂಗ್‌ನಲ್ಲಿ (ಏಣಿಯ ಮೆಟ್ಟಿಲಲ್ಲಿ) ಹಸಿರು ಕಾಣುತ್ತೆ, ಮೋಟರ್ ಮಾತ್ರ ಅಲ್ಲಾಡಲ್ಲ. ಲ್ಯಾಡರ್ ಯಾವಾಗ್ಲೂ ನಿಜ ಹೇಳುತ್ತೆ ಅಂತ ನಂಬ್ಬೇಡಿ ಅನ್ನೋಕೆ ಹೇಳ್ದೆ.

ಮೂರನೇದು ಎಸ್‌ಎಫ್‌ಸಿ, ಅಂದ್ರೆ ಸೀಕ್ವೆನ್ಷಿಯಲ್ ಫಂಕ್ಷನ್ ಚಾರ್ಟ್, ಸೀಮೆನ್ಸ್‌ನಲ್ಲಿ ಗ್ರಾಫ್. ಮೂಲ ಫ್ರಾನ್ಸಿನ ಗ್ರಾಫ್‌ಸೆಟ್, 1977ರದ್ದು. ಚೌಕದೊಳಗೆ ಸ್ಟೆಪ್ಪು, ಕೆಳಗೆ ಗೆರೆ ಎಳೆದು ಟ್ರಾನ್ಸಿಷನ್ ಕಂಡೀಷನ್ನು, ಆಮೇಲೆ ಮುಂದಿನ ಸ್ಟೆಪ್ಪು. ನನ್ ಎಸ್‌ಟಿಯ ಸ್ಟೇಟ್ 40 ಇಲ್ಲಿ ಹೆಸರಿರೋ ಒಂದು ಡಬ್ಬಿ, ಆನ್‌ಲೈನ್ ಹೋದ್ರೆ ಯಾವ ಡಬ್ಬಿ ಹೊತ್ತಿಕೊಂಡಿದೆ ಅಂತ ಗೊತ್ತಾಗುತ್ತೆ, ಯಾವ ಕಂಡೀಷನ್‌ಗೆ ಕಾಯ್ತಿದೆ ಅಂತಾನೂ. ಟೈಮರ್ ಗೋಳಿಲ್ಲ, ಸ್ಟೆಪ್ ಎಷ್ಟು ಹೊತ್ತು ಆಕ್ಟಿವ್ ಇದೆ ಅಂತ ಅದೇ ಲೆಕ್ಕ ಇಡುತ್ತೆ. ಸಾರ್ಟಿಂಗ್ ಸ್ಟೇಷನ್ ಥರ ಒಂದಾದ್ಮೇಲೊಂದು ನಡೆಯೋ ಕೆಲಸಕ್ಕೆ ಇದೇ ಸರಿ ಅಂತ ಅನ್ಸಿದ್ದು ಆಗ.

ಎಡವಿದ್ದು ಎಮರ್ಜೆನ್ಸಿ ಸ್ಟಾಪ್ ಹತ್ರ. ಅದು ಸೇಫ್ಟಿ ರಿಲೇ ಮೂಲಕ ಔಟ್‌ಪುಟ್‌ಗಳ ಪವರ್ರನ್ನೇ ಕತ್ತರಿಸುತ್ತೆ, ಸಾಧಾರಣ ಪ್ರೋಗ್ರಾಮ್‌ನ ನಂಬ್ಕೊಂಡಿರಲ್ಲ, ಸರಿ. ಆದ್ರೆ ಪ್ರೋಗ್ರಾಮ್ ಒಳಗೆ 'ತಳ್ಳು' ಅನ್ನೋ ಸ್ಟೆಪ್ ಇನ್ನೂ ಆಕ್ಟಿವ್ ಆಗೇ ಇತ್ತು. ಬಟನ್ ಬಿಡಿಸಿ ರೀಸೆಟ್ ಮಾಡಿದ್ದೇ ತಡ ಸಿಲಿಂಡರ್ ಠಪ್ ಅಂತ ಮುಂದೆ ಬಂತು. ಕೈ ಹತ್ರ ಇರ್ಲಿಲ್ಲ, ಪುಣ್ಯ. ಎಮರ್ಜೆನ್ಸಿ ಬಂದ್ರೆ ಸೀಕ್ವೆನ್ಸ್ ಇನಿಷಿಯಲ್ ಸ್ಟೆಪ್‌ಗೆ ವಾಪಸ್ ಹೋಗ್ಬೇಕು, ಸ್ಟಾರ್ಟ್ ಒತ್ತದೇ ಹೊರಡಬಾರ್ದು. ಮ್ಯಾನ್ಯುಯಲ್ ಮೋಡು, ಆಟೋ ಮೋಡು, ಫಾಲ್ಟ್, ಇವೆಲ್ಲ ಸೇರಿದ್ರೆ ಆ ಚೆಂದದ ಚಿತ್ರಾನೂ ಜೇಡರ ಬಲೆ ಆಗುತ್ತೆ, ಅದಕ್ಕೇ ಮೋಡ್‌ಗಳನ್ನ ಎಸ್‌ಎಫ್‌ಸಿ ಹೊರಗೆ ಇಟ್ಟೆ. ಇನ್ನು ಸ್ಟೆಪ್ ಮಾಡೋ ಕೆಲಸಕ್ಕೆ, ಅಂದ್ರೆ ಆಕ್ಷನ್‌ಗೆ, ಎಸ್ (ಸೆಟ್) ಅಂತ ಕೊಟ್ರೆ ಸ್ಟೆಪ್ ಮುಗಿದ್ರೂ ಸೆಟ್ ಆಗೇ ಇರುತ್ತೆ, ಎಲ್ಲಾದ್ರೂ ಆರ್ (ರೀಸೆಟ್) ಕೊಟ್ಟು ಇಳಿಸ್ಬೇಕು, ನಾನ್ ಮರೆತು ಕನ್ವೇಯರ್ ಊಟದ ಹೊತ್ತಲ್ಲೂ ಓಡ್ತಾ ಇತ್ತು.

ಇನ್ನೂ ಎರಡು ಭಾಷೆ ಇವೆ. ಫಂಕ್ಷನ್ ಬ್ಲಾಕ್ ಡಯಾಗ್ರಾಮ್ ಪಿಐಡಿಗೆ (ತಾಪಮಾನದಂಥದ್ದನ್ನ ಒಂದೇ ಮಟ್ಟದಲ್ಲಿ ಹಿಡಿದಿಡೋ ಕಂಟ್ರೋಲ್‌ಗೆ) ಚೆನ್ನಾಗಿದೆ, ಈ ಸ್ಟೇಷನ್‌ಗೆ ಅದರ ಅವಶ್ಯಕತೆ ಬರ್ಲಿಲ್ಲ. ಇನ್‌ಸ್ಟ್ರಕ್ಷನ್ ಲಿಸ್ಟ್ ಕಲಿಯೋಕೆ ಹೋಗ್ಬೇಡಿ, ಪಿಎಲ್‌ಸಿ ಭಾಷೆಗಳ ಸ್ಟ್ಯಾಂಡರ್ಡ್ ಐಇಸಿ 61131-3ರ 2013ರ ಆವೃತ್ತಿಯಲ್ಲೇ ಅದಕ್ಕೆ ಬೀಳ್ಕೊಡುಗೆ ಶುರುವಾಗಿತ್ತು. ಹಳೇ ಮಷೀನ್ ಕೈಗೆ ಬಂದ್ರೆ ಓದೋವಷ್ಟು ಗೊತ್ತಿದ್ರೆ ಸಾಕು.

ಲ್ಯಾಬ್ ಸಿಗದೇ ಇರೋ ಹೊತ್ತಲ್ಲಿ ಇವನ್ನೆಲ್ಲ ಅಭ್ಯಾಸ ಮಾಡಿದ್ದು ಕೋಡೆಸಿಸ್ ಅನ್ನೋ ಪಿಎಲ್‌ಸಿ ಸಾಫ್ಟ್‌ವೇರ್‌ನಲ್ಲಿ. ಡೆವಲಪ್‌ಮೆಂಟ್ ಸಾಫ್ಟ್‌ವೇರ್ ಫ್ರೀ, ಪಿಸಿಯಲ್ಲೇ ಓಡೋ ಸಾಫ್ಟ್ ಪಿಎಲ್‌ಸಿ ಲೈಸೆನ್ಸ್ ಇಲ್ದೇ ಎರಡು ಗಂಟೆ ಓಡಿ ನಿಲ್ಲುತ್ತೆ, ಮತ್ತೆ ಸ್ಟಾರ್ಟ್ ಮಾಡ್ಕೊಳ್ಳೋದು. ನಂಗಂತೂ ಅದು ಒಳ್ಳೇ ಬ್ರೇಕ್ ಟೈಮರ್ ಆಗಿತ್ತು. ಆದ್ರೆ ಸಿಮ್ಯುಲೇಷನ್‌ನಲ್ಲಿ ರೀಡ್ ಸ್ವಿಚ್ ಜರುಗಲ್ಲ, ಇದು ನೆನಪಿರಲಿ.

ಥೀಸಿಸ್ ವಿಷಯಕ್ಕೆ ಬಂದಾಗ ಎಸ್‌ಟಿ ಮತ್ತೆ ಮೇಲೆ ಬಂತು. ಪ್ರತಿ ಪೀಸಿನ ಟೈಮ್‌ಸ್ಟ್ಯಾಂಪ್ ಹಿಡಿದು, ಅರೇನಲ್ಲಿ ರಿಂಗ್ ಬಫರ್ (ತುಂಬಿದ್ಮೇಲೆ ಹಳೇದರ ಮೇಲೇ ಬರೆಯೋ ಪಟ್ಟಿ) ಮಾಡಿ, ಮಷೀನ್‌ಗಳ ಡೇಟಾ ಸಾಗಿಸೋ ಓಪಿಸಿ ಯುಎ ಪ್ರೋಟೋಕಾಲ್ ಮೂಲಕ ಡೇಟಾಬೇಸ್‌ಗೆ ಕಳಿಸ್ಬೇಕಿತ್ತು, ಲ್ಯಾಡರ್‌ನಲ್ಲಿ ಇದನ್ನ ಮಾಡೋದು ಚಮಚದಲ್ಲಿ ಬಾವಿ ತೋಡಿದ ಹಾಗೆ. ಇನ್ನೊಂದು ಲಾಭ, ಎಸ್‌ಟಿ ಬರೀ ಅಕ್ಷರ, ಕೋಡಿನ ಆವೃತ್ತಿಗಳನ್ನ ಇಟ್ಕೊಳ್ಳೋ ಗಿಟ್‌ಗೆ ಹಾಕಿದ್ರೆ ನಿನ್ನೆಗೂ ಇವತ್ತಿಗೂ ಯಾವ ಲೈನ್ ಬದಲಾಯ್ತು ಅಂತ ಕಾಣುತ್ತೆ. ಲ್ಯಾಡರ್‌ನ ಎಕ್ಸ್‌ಎಂಎಲ್ ಆಗಿ ತೆಗೆದು ಹಾಕಿ ನೋಡಿದೆ, ಒಂದು ಕಾಂಟ್ಯಾಕ್ಟ್ ಬದಲಾಯಿಸಿದ್ರೂ ಮನುಷ್ಯರು ಓದೋ ಥರ ಇರ್ಲಿಲ್ಲ.

ಕೊನೆಗೆ ನಾನ್ ಸಬ್‌ಮಿಟ್ ಮಾಡಿದ್ದು ಮೂರರ ಮಿಶ್ರಣ: ಸೀಕ್ವೆನ್ಸ್ ಎಸ್‌ಎಫ್‌ಸಿಯಲ್ಲಿ, ಅದರ ಟ್ರಾನ್ಸಿಷನ್‌ಗಳು ಮತ್ತೆ ಇಂಟರ್‌ಲಾಕ್‌ಗಳು ಲ್ಯಾಡರ್‌ನಲ್ಲಿ, ಡೇಟಾ ಮತ್ತೆ ಲೆಕ್ಕಾಚಾರದ ಫಂಕ್ಷನ್ ಬ್ಲಾಕ್‌ಗಳು ಎಸ್‌ಟಿಯಲ್ಲಿ. ಇದು ಎಲ್ಲರನ್ನೂ ಖುಷಿಪಡಿಸೋ ರಾಜಿ ಅಲ್ಲ, ರಾತ್ರಿ ಶಿಫ್ಟಲ್ಲಿ ಲ್ಯಾಪ್‌ಟಾಪ್ ತಗೊಂಡು ಬರೋ ಮೇಂಟೆನೆನ್ಸ್‌ನೋರು ತೆಗೆದು ನೋಡೋ ಭಾಗ ಯಾವ್ದೋ ಅದು ಲ್ಯಾಡರ್‌ನಲ್ಲೇ ಇರ್ಬೇಕು, ನಾನೊಬ್ಬನೇ ತಿದ್ದೋ ಭಾಗ ನಂಗೆ ಸುಲಭ ಆದದ್ದರಲ್ಲಿ. ಸ್ಟೇಟ್ 40 ಮಾತ್ರ ಈಗ ಎಲ್ಲೂ ಇಲ್ಲ, ಅದ್ರ ಹೆಸ್ರು 'ಸಿಲಿಂಡರ್ 2 ಮುಂದೆ ಹೋಗೋಕೆ ಕಾಯ್ತಿದೆ'. ಹೆಸರು ಉದ್ದ ಆಯ್ತು ಅಂತ ಒಂದು ಮಾರ್ಕ್ ಕಳೆದ್ರು.