ರಾಮನಗರದ ಬಂಡೆಯ ಹುಟ್ಟು: ಯಾವ ಖನಿಜದ ಮಾತು ನಂಬಬಹುದು?

ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಉತ್ತರ–ದಕ್ಷಿಣವಾಗಿ ಸುಮಾರು 400 ಕಿ.ಮೀ. ಚಾಚಿಕೊಂಡಿರುವ ಅಲ್ಲಿನ ಗ್ರಾನೈಟಿಗೂ ಅದೇ ಹೆಸರು. ವಯಸ್ಸು ಸುಮಾರು 252 ಕೋಟಿ ವರ್ಷ. ಅದು ಎಷ್ಟು ಆಳದಲ್ಲಿ, ಎಷ್ಟು ಶಾಖದಲ್ಲಿ ಗಟ್ಟಿಯಾಯಿತು ಎಂದು ಅಳೆಯಲು ನಾನು ಅಲ್ಲಿಯ ಕಲ್ಲಿನ ಮೇಲೆ ನಾಲ್ಕು ವಿಧಾನಗಳನ್ನು ಹೂಡಿದೆ. ನಾಲ್ಕೂ ಒಂದೇ ಮಾತು ಹೇಳಲಿಲ್ಲ.

ಗ್ರಾನೈಟಿನ ಮುಖ್ಯ ಖನಿಜಗಳಾದ ಎರಡು ಫೆಲ್ಡ್‌ಸ್ಪಾರ್‌ಗಳ (ಒಂದು ಪೊಟ್ಯಾಸಿಯಂನದು, ಇನ್ನೊಂದು ಪ್ಲೇಜಿಯೋಕ್ಲೇಸ್‌) ನಡುವೆ ಸೋಡಿಯಂ ಹಂಚಿಕೆಯನ್ನು ನೋಡಿ ಶಾಖ ಲೆಕ್ಕ ಹಾಕುವುದು ಅಗ್ಗದ ದಾರಿ. ನನಗೆ ಬಂದದ್ದು 500 ಡಿಗ್ರಿಗಿಂತ ಕಡಿಮೆ. ಗ್ರಾನೈಟಿನ ಶಿಲಾರಸ ನೀರು ತುಂಬಿದ್ದರೂ 650 ಡಿಗ್ರಿಯ ಆಸುಪಾಸಿನಲ್ಲೇ ಪೂರ್ತಿ ಗಟ್ಟಿಯಾಗುವಾಗ ಈ ಅಂಕಿಗೆ ಅರ್ಥವಿಲ್ಲ. ನಿಧಾನವಾಗಿ ತಣಿಯುವಾಗ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್‌ ಒಳಗೇ ಸೀಳಿ ಪರ್ಥೈಟ್‌ ಪಟ್ಟೆಗಳಾಗುತ್ತದೆ, ಸೋಡಿಯಂ ಜಾರಿಹೋಗುತ್ತದೆ. ಮ್ಯಾಗ್ನಟೈಟ್–ಇಲ್ಮನೈಟ್‌ ಎಂಬ ಕಬ್ಬಿಣ–ಟೈಟೇನಿಯಂ ಆಕ್ಸೈಡ್‌ ಜೋಡಿಯಿಂದ ಶಾಖ ಅಳೆಯುವ ವಿಧಾನದ ಪಾಡೂ ಅದೇ. ಬೇಗ ತಣಿದ ಲಾವಾಕ್ಕೆ ಅದು ಸೊಗಸು, ಇಲ್ಲಿ ಬೇಡ.

ಹಾರ್ನ್‌ಬ್ಲೆಂಡ್‌ ಹಾಗಲ್ಲ. ಒತ್ತಡ ಹೆಚ್ಚಿದಷ್ಟೂ, ಅಂದರೆ ಆಳ ಹೆಚ್ಚಿದಷ್ಟೂ, ಈ ಕಪ್ಪು ಖನಿಜದಲ್ಲಿ ಅಲ್ಯೂಮಿನಿಯಂ ಹೆಚ್ಚುತ್ತದೆ. 1992ರ ಶ್ಮಿಟ್‌ ಸೂತ್ರ ತೀರ ಸರಳ: ಅಲ್ಯೂಮಿನಿಯಂ ಅಂಕಿಯನ್ನು (ಖನಿಜದ ರಾಸಾಯನಿಕ ಸೂತ್ರದಲ್ಲಿ ಅದರ ಪರಮಾಣುಗಳ ಎಣಿಕೆ) 4.76ರಿಂದ ಗುಣಿಸಿ 3.01 ಕಳೆದರೆ ಒತ್ತಡ ಕಿಲೋಬಾರ್‌ನಲ್ಲಿ (ಒಂದು ಕಿಲೋಬಾರ್‌ ಎಂದರೆ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು) ಸಿಗುತ್ತದೆ. ಆದರೆ ಬೆಣಚು, ಎರಡೂ ಫೆಲ್ಡ್‌ಸ್ಪಾರ್‌, ಬಯೊಟೈಟ್‌ (ಕಪ್ಪು ಅಭ್ರಕ), ಟೈಟನೈಟ್‌ (ಟೈಟೇನಿಯಂ ಇರುವ ಒಂದು ಖನಿಜ), ಕಬ್ಬಿಣ–ಟೈಟೇನಿಯಂ ಆಕ್ಸೈಡ್‌ ಎಲ್ಲವೂ ಜೊತೆಗಿರಬೇಕು. ಅಳೆಯಬೇಕಾದದ್ದು ಹರಳಿನ ನಡುವನ್ನಲ್ಲ, ಅಂಚನ್ನು. ಆ ಸೂತ್ರ ಶಾಖವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೇ ತೊಡಕು. ಅಲ್ಯೂಮಿನಿಯಂ 1.6 ಇದ್ದರೆ 4.6 ಕಿಲೋಬಾರ್‌, ಅಂದರೆ ಸುಮಾರು 17 ಕಿ.ಮೀ. ಆಳ. ಅದೇ ಹರಳು 750 ಡಿಗ್ರಿಯಲ್ಲಿ ಬೆಳೆದಿದ್ದರೆ, 1995ರ ಆ್ಯಂಡರ್ಸನ್–ಸ್ಮಿತ್‌ ತಿದ್ದುಪಡಿಯ ಪ್ರಕಾರ 3.5 ಕಿಲೋಬಾರ್‌, 13 ಕಿ.ಮೀ. ಮಾತ್ರ. ನಾಲ್ಕು ಕಿಲೋಮೀಟರ್‌ ಮಾಯ! ಹಾಗಾಗಿ ಅಂಚಿಗೆ ತಾಗಿಕೊಂಡ ಪ್ಲೇಜಿಯೋಕ್ಲೇಸನ್ನೂ ಅಳೆದು, 1994ರ ಹಾಲೆಂಡ್–ಬ್ಲಂಡಿ ವಿಧಾನದಿಂದ ಶಾಖ ತೆಗೆದು, ಎರಡೂ ಅಂಕಿಗಳು ಹೊಂದುವವರೆಗೆ ಲೆಕ್ಕ ತಿರುಗಿಸುತ್ತೇನೆ. ಅದರಲ್ಲೂ 40 ಡಿಗ್ರಿಯಷ್ಟು ಹೆಚ್ಚುಕಡಿಮೆ ಇದ್ದೇ ಇದೆ. ಕಬ್ಬಿಣ ಬಹಳ ಹೆಚ್ಚಿರುವ ಹಾರ್ನ್‌ಬ್ಲೆಂಡನ್ನಂತೂ ಬಿಟ್ಟುಬಿಡುತ್ತೇನೆ, ಅದು ಆಳವನ್ನು ಉಬ್ಬಿಸಿ ಹೇಳುತ್ತದೆ.

ಬರೀ ಶಾಖ ಬೇಕೆಂದರೆ ಜಿರ್ಕಾನ್‌ ಎಂಬ ಸಣ್ಣ, ಗಟ್ಟಿ ಹರಳಿಗೆ ಸಾಟಿಯಿಲ್ಲ. ಅದರೊಳಗೆ ಸೇರಿದ ಟೈಟೇನಿಯಂ ತಣಿಯುವಾಗ ಅಲ್ಲಾಡುವುದೇ ಇಲ್ಲ ಎನ್ನಬಹುದು. ಹತ್ತು ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಪಾಲು) ಇದ್ದರೆ ಸುಮಾರು 746 ಡಿಗ್ರಿ. ಅದು ಶಿಲಾರಸದಲ್ಲಿ ರೂಟೈಲ್‌ (ಟೈಟೇನಿಯಂ ಆಕ್ಸೈಡ್‌ ಖನಿಜ) ಇನ್ನು ಕರಗಲಾರದಷ್ಟು ತುಂಬಿದ್ದಾಗಿನ ಲೆಕ್ಕ, ಇಲ್ಲಿರುವುದು ಟೈಟನೈಟ್‌. ಹಾಗಾಗಿ ಟೈಟೇನಿಯಂ ಚಟುವಟಿಕೆಯನ್ನು (ಶಿಲಾರಸದಲ್ಲಿ ಪ್ರತಿಕ್ರಿಯೆಗೆ ಸಿಗುವ ಅದರ ಪಾಲು) ಅರ್ಧಕ್ಕೆ ಇಳಿಸಿದರೆ ಅದೇ ಹರಳು 815 ಡಿಗ್ರಿ ತೋರಿಸುತ್ತದೆ. ಜೊತೆಗೆ ಹಳೆಯ ನೈಸ್‌ ಶಿಲೆಯಿಂದ ಬಂದ ತಿರುಳುಗಳನ್ನೂ ಬಿರುಕುಬಿಟ್ಟ ಕಣಗಳನ್ನೂ ಹೆಕ್ಕಿ ತೆಗೆಯಬೇಕು. ಅಳತೆಯ ಖರ್ಚೂ ದುಬಾರಿ.

ಆಳಕ್ಕೆ ಹಾರ್ನ್‌ಬ್ಲೆಂಡ್–ಪ್ಲೇಜಿಯೋಕ್ಲೇಸ್‌, ಶಿಲಾರಸದ ಬಿಸಿಗೆ ಜಿರ್ಕಾನ್‌: ಇದು ನನ್ನ ಆಯ್ಕೆ. ಹಾರ್ನ್‌ಬ್ಲೆಂಡ್‌ ಇಲ್ಲದ ಬಯೊಟೈಟ್‌ ಗ್ರಾನೈಟ್‌ ಎದುರಾದರೆ ಆಳದ ಕಾಲಂ ಖಾಲಿ ಬಿಡುತ್ತೇನೆ.